ಕ್ರೂಸ್ ಟಿಕೆಟ್ಟಿನೊಳಗಿನ ವಿಮಾನದ ಸೀಟು

ಅಮೆರಿಕ ಮತ್ತು ಕೆನಡಾಗಳಲ್ಲಿ ನೆಲೆಸಿ, ಊರಿನಿಂದ ಬಂದ ತಂದೆತಾಯಿಯರನ್ನು ಕ್ರೂಸ್ ಪ್ರವಾಸಕ್ಕೆ ಕರೆದೊಯ್ಯುವ ಅಥವಾ ಕಳುಹಿಸುವ ಕನ್ನಡದ ಮಕ್ಕಳಿಗೆ,



ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲಾಸ್ಕದ ಕಡಲಿನಲ್ಲಿ ಸಂಚರಿಸುವ ಪ್ರವಾಸಿ ಹಡಗುಗಳಲ್ಲಿ ಕನ್ನಡ ಮಾತನಾಡುವ ಹಿರಿಯರು ಕಾಣಸಿಗುವುದು ಈಗ ಅಪರೂಪವಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಕೆಲವು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬಂದವರಿಗೆ ಹಿಮನದಿಗಳನ್ನೂ ತಿಮಿಂಗಿಲಗಳನ್ನೂ ಒಂದೇ ಕೋಣೆಯಲ್ಲಿ ಇಳಿದುಕೊಂಡು ನೋಡುವ ಅವಕಾಶವಿರುವುದರಿಂದ, ಮಂಡಿನೋವು ಇರುವವರಿಗೂ ದಿನಕ್ಕೊಂದು ಹೋಟೆಲು ಬದಲಿಸಲಾಗದವರಿಗೂ ಕ್ರೂಸ್, ಅಂದರೆ ಊಟ ವಸತಿಗಳೆಲ್ಲ ಹಡಗಿನಲ್ಲಿಯೇ ಇದ್ದು ಬಂದರಿನಿಂದ ಬಂದರಿಗೆ ಸಾಗುವ ವಿಹಾರ, ಹೇಳಿ ಮಾಡಿಸಿದಂತಿದೆ. ಆದರೆ ಹಡಗು ಹೊರಡುವುದು ಹೆಚ್ಚಾಗಿ ಸಿಯಾಟಲ್ ಅಥವಾ ವ್ಯಾಂಕೂವರ್‌ನಿಂದ. ಮಕ್ಕಳ ಮನೆ ಇರುವುದು ಡಲ್ಲಾಸ್‌ನಲ್ಲೋ ಷಿಕಾಗೋದಲ್ಲೋ ನ್ಯೂಜೆರ್ಸಿಯಲ್ಲೋ. ನಡುವಿನ ನಾಲ್ಕರಿಂದ ಆರು ಗಂಟೆಗಳ ವಿಮಾನಯಾನವನ್ನು ಹಡಗಿನ ಕೋಣೆಯ ಜೊತೆಗೆ ಕ್ರೂಸ್ ಕಂಪನಿಯಿಂದಲೇ ಕೊಳ್ಳುವ ಅನುಕೂಲವನ್ನು ತಮ್ಮಲ್ಲಿ ಅನೇಕರು ಬಳಸಿಕೊಳ್ಳುತ್ತೀರಿ. ಹಾಗೆ ಕೊಂಡ ಟಿಕೆಟ್ಟಿನಲ್ಲಿ ಒಂದು ಜಾಗ ಕೊನೆಯವರೆಗೂ ಖಾಲಿ ಉಳಿದುಬಿಡುವುದುಂಟು: ಸೀಟಿನ ಸಂಖ್ಯೆಯ ಜಾಗ. ಈ ಪತ್ರ ಬರೆದಿರುವುದು ಅದರ ಬಗ್ಗೆ ತಮ್ಮ ಗಮನ ಸೆಳೆಯುವುದಕ್ಕಾಗಿ.

ಕ್ರೂಸ್ ಕಂಪನಿಯ ಮೂಲಕ ವಿಮಾನ ಕಾಯ್ದಿರಿಸುವುದೇ ತಪ್ಪು ಎಂಬ ವಾದ ಇಲ್ಲಿಲ್ಲ. ಪ್ರಿನ್ಸೆಸ್ ಕಂಪನಿಯ ಈಜೀಏರ್, ರಾಯಲ್ ಕೆರಿಬಿಯನ್ನಿನ ಏರ್‌ಟುಸೀ, ಹಾಲೆಂಡ್ ಅಮೆರಿಕದ ಫ್ಲೈಟ್ ಈಸ್ ಮುಂತಾದ ಹೆಸರುಗಳಲ್ಲಿ ನಡೆಯುವ ಈ ವ್ಯವಸ್ಥೆಗೆ ನಿಜವಾದ ಲಾಭಗಳಿವೆ. ವಿಮಾನ ತಡವಾಗಿ ಹಡಗು ತಪ್ಪುವಂತಾದರೆ ಪ್ರಯಾಣಿಕರನ್ನು ಬೇರೆ ವಿಮಾನದಲ್ಲಿ ಹಡಗಿಗೋ ಮುಂದಿನ ಬಂದರಿಗೋ ತಲುಪಿಸಲು ಕಂಪನಿಯೇ ಮುಂದೆ ನಿಂತು ನೆರವಾಗುತ್ತದೆ. ಆಂಕರೇಜ್‌ನಲ್ಲಿ ವಿಮಾನ ಇಳಿದು, ಅಲ್ಲಿಂದ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ದೂರದ ಸೀವರ್ಡ್ ಬಂದರಿಗೆ ಹೋಗಿ ಹಡಗು ಹಿಡಿಯಬೇಕಾದವರಿಗೆ ಈ ಭರವಸೆ ಸಣ್ಣದಲ್ಲ. ದರವೂ ಕೆಲವೊಮ್ಮೆ ಕಡಿಮೆ ಬೀಳುತ್ತದೆ. ತೊಡಕು ಇರುವುದು ಬೇರೊಂದು ಕಡೆ. ಹಣ ತೆಗೆದುಕೊಂಡವರು ಒಬ್ಬರು, ಸೀಟು ಕೊಡಬೇಕಾದವರು ಇನ್ನೊಬ್ಬರು, ಇಬ್ಬರ ನಡುವೆ ಕೆಲವೊಮ್ಮೆ ಟಿಕೆಟ್ ಏಜೆಂಟರೆಂಬ ಮೂರನೆಯವರು. ಈ ಮೂವರಲ್ಲಿ ಸೀಟಿನ ಜವಾಬ್ದಾರಿ ಯಾರದೆಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆಗೆ ಕೈ ತೋರಿಸುತ್ತಾರೆ.

ಇದರ ಮೂಲ ದರದ ಸ್ವರೂಪದಲ್ಲಿದೆ. ವಿಮಾನ ಕಂಪನಿಯು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿರುವುದು ಪ್ರಕಟಿತ ದರ. ಸಗಟಾಗಿ ಟಿಕೆಟ್ ಕೊಳ್ಳುವ ಸಂಸ್ಥೆಗಳಿಗೆ ಒಳಗೊಳಗೆ ಕೊಡುವುದು ಒಪ್ಪಂದದ ದರ. ಕ್ರೂಸ್ ಕಂಪನಿ ಮಾರುವ ಟಿಕೆಟ್ ಎರಡರಲ್ಲಿ ಯಾವುದಾದರೂ ಆಗಿರಬಹುದು. ಒಪ್ಪಂದದ ದರದ ಟಿಕೆಟ್‌ಗಳಿಗೆ ಬದಲಾವಣೆ, ರದ್ದತಿ, ಮುಂಗಡ ಸೀಟು ಆಯ್ಕೆ ಇವೆಲ್ಲಕ್ಕೂ ಬೇರೆಯದೇ ಷರತ್ತುಗಳಿರುತ್ತವೆ. ಜೊತೆಗೆ, ಕಾಯ್ದಿರಿಸುವುದು ಮತ್ತು ಟಿಕೆಟ್ ಹೊರಡಿಸುವುದು ಎರಡು ಪ್ರತ್ಯೇಕ ಕ್ರಿಯೆಗಳು ಎಂಬುದನ್ನು ಗಮನಿಸಬೇಕು. ಕಾಯ್ದಿರಿಸಿದಾಗ ಪ್ರಯಾಣಿಕರ ಹೆಸರಿನಲ್ಲಿ ವಿಮಾನದೊಳಗೆ ಒಂದು ಜಾಗ ಹಿಡಿದಿಡಲಾಗುತ್ತದೆ, ಅಷ್ಟೆ. ಅದು ಯಾವ ಸೀಟು ಎಂಬುದು ಆಗಿನ್ನೂ ಗೊತ್ತಾಗಿರುವುದಿಲ್ಲ. ಟಿಕೆಟ್ ಹೊರಬಿದ್ದಾಗ ಅದಕ್ಕೆ 13 ಅಂಕಿಗಳ ಸಂಖ್ಯೆ ಬರುತ್ತದೆ. ಅದರ ಮೊದಲ ಮೂರು ಅಂಕಿಗಳು ವಿಮಾನ ಕಂಪನಿಯ ಗುರುತು: 006 ಎಂದಿದ್ದರೆ ಡೆಲ್ಟಾ, 014 ಎಂದಿದ್ದರೆ ಏರ್ ಕೆನಡಾ, 016 ಎಂದಿದ್ದರೆ ಯುನೈಟೆಡ್, 027 ಎಂದಿದ್ದರೆ ಅಲಾಸ್ಕ ಏರ್‌ಲೈನ್ಸ್. ಕ್ರೂಸ್ ಕಂಪನಿಗಳು ಹಲವು ಸಂದರ್ಭಗಳಲ್ಲಿ ಪ್ರವಾಸದ ಪೂರ್ತಿ ಹಣ ಪಾವತಿಯಾದ ಮೇಲಷ್ಟೇ ಟಿಕೆಟ್ ಹೊರಡಿಸುತ್ತವೆ, ಮತ್ತು ಟಿಕೆಟ್ ಸಂಖ್ಯೆ ಬರುವವರೆಗೆ ಸೀಟು ಆರಿಸಲು ಕೆಲವು ವಿಮಾನ ಕಂಪನಿಗಳ ವ್ಯವಸ್ಥೆ ಒಪ್ಪುವುದೇ ಇಲ್ಲ. ಹೀಗಾಗಿ ಜನವರಿಯಲ್ಲಿ ಕಾಯ್ದಿರಿಸಿದವರು ಏಪ್ರಿಲ್‌ವರೆಗೆ ಕಾಯುವಷ್ಟರಲ್ಲಿ, ನೇರವಾಗಿ ಟಿಕೆಟ್ ಕೊಂಡವರು ಕಿಟಕಿಯ ಮತ್ತು ಓಡಾಟದ ದಾರಿಯ ಪಕ್ಕದ ಸೀಟುಗಳನ್ನು ಹಿಡಿದಿರುತ್ತಾರೆ. ಉಳಿದುಕೊಳ್ಳುವುದು ನಡುವಿನ ಸೀಟುಗಳು, ಅವೂ ಅಲ್ಲೊಂದು ಇಲ್ಲೊಂದು.

ಕ್ರೂಸ್ ಕಂಪನಿಯ ಅರ್ಜಿಯಲ್ಲಿ ‘ಸೀಟಿನ ಆದ್ಯತೆ’ ಎಂಬ ಒಂದು ಕಲಮು ಇರುವುದುಂಟು. ಅಲ್ಲಿ ದಾರಿಯ ಪಕ್ಕದ ಸೀಟು ಎಂದು ಗುರುತು ಹಾಕಿ ಕೆಲಸ ಮುಗಿಯಿತೆಂದು ನಂಬುವುದು ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಆ ಗುರುತು ಒಂದು ಕೋರಿಕೆ ಮಾತ್ರ, ಅದನ್ನು ಈಡೇರಿಸುವ ಬಾಧ್ಯತೆ ಯಾರ ಮೇಲೂ ಇಲ್ಲ. ಹಡಗಿನ ಊಟದ ವಿಭಾಗಕ್ಕೆ ತಿಳಿಸಿದ ಸಸ್ಯಾಹಾರದ ವಿವರವಾಗಲಿ, ಹಡಗು ಹತ್ತುವಾಗ ಬೇಕೆಂದು ಕೇಳಿದ ಗಾಲಿಕುರ್ಚಿಯ ವಿವರವಾಗಲಿ ತಾನಾಗಿಯೇ ವಿಮಾನ ಕಂಪನಿಗೆ ಹೋಗಿ ಸೇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಈ ತಪ್ಪಿನಿಂದ ಏನಾಗುತ್ತದೆಂಬುದಕ್ಕೆ ಈ ಪತ್ರದ ಲೇಖಕರೇ ಕಣ್ಣಾರೆ ಕಂಡ ಒಂದು ಸಂದರ್ಭವನ್ನು ಇಲ್ಲಿ ದಾಖಲಿಸುವುದು ಅಗತ್ಯ. ಕ್ರೂಸಿಗೆ ಹೊರಟಿದ್ದ ಹಿರಿಯ ದಂಪತಿ ವಿಮಾನ ನಿಲ್ದಾಣದ ಗೇಟಿನ ಬಳಿ ಕೂತಿದ್ದರು. ಇಬ್ಬರ ಬೋರ್ಡಿಂಗ್ ಪಾಸಿನಲ್ಲಿಯೂ ಸೀಟಿನ ಸಂಖ್ಯೆ ಇರಬೇಕಾದ ಕಡೆ ‘ಗೇಟಿನಲ್ಲಿ ತಿಳಿಸಲಾಗುವುದು’ ಎಂಬ ಅರ್ಥದ ಇಂಗ್ಲಿಷ್ ಪದಗಳಿದ್ದವು. ಯಜಮಾನರಿಗೆ ಗ್ಲಾಕೋಮಾದಿಂದ ದೃಷ್ಟಿ ಬಹಳ ಕುಂದಿತ್ತು, ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕಾದವರು ಅವರ ಪತ್ನಿ. ಆ ತಾಯಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಸೀಟು ಇನ್ನೂ ಗೊತ್ತಾಗದ ಪ್ರಯಾಣಿಕರ ಪಟ್ಟಿ ಗೇಟಿನ ಮೇಲಿನ ಪರದೆಯಲ್ಲಿ ಬರುತ್ತಿದ್ದರೂ ಅದರಲ್ಲಿ ಪೂರ್ತಿ ಹೆಸರು ಇರುವುದಿಲ್ಲ; ಕುಲನಾಮದ ಮೊದಲ ಮೂರು ಅಕ್ಷರ, ಮುಂದೆ ಇನ್ನೊಂದು ಅಕ್ಷರ. ಅದು ತಮ್ಮ ಹೆಸರೆಂದು ಅವರಿಗೆ ಹೊಳೆಯುವಂತಿರಲಿಲ್ಲ. ಎಲ್ಲರೂ ಹತ್ತಿದ ಮೇಲೆ ಸಿಬ್ಬಂದಿ ಕರೆದು ಎರಡು ಚೀಟಿ ಕೊಟ್ಟರು: ಒಬ್ಬರಿಗೆ 11ನೇ ಸಾಲು, ಇನ್ನೊಬ್ಬರಿಗೆ 34ನೇ ಸಾಲು, ಎರಡೂ ನಡುವಿನ ಸೀಟು. ನಡುವಿನ ಸೀಟಿಗೆ ಬದಲಾಗಿ ತಮ್ಮ ಕಿಟಕಿಯ ಸೀಟು ಬಿಟ್ಟುಕೊಡಲು ಯಾರಿಗೂ ಮನಸ್ಸಾಗಲಿಲ್ಲ, ಅದಕ್ಕಾಗಿ ದುಡ್ಡು ಕೊಟ್ಟವರನ್ನು ದೂರುವಂತೆಯೂ ಇಲ್ಲ. ಹಾರಾಟದ ನಡುವೆ ಆ ತಾಯಿ ಕಣ್ಣಿನ ಹನಿಯ ಪುಟ್ಟ ಬಾಟಲಿಯನ್ನು ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದುಕೊಂಡು ಎರಡು ಸಲ ಎದ್ದು ಬಂದರು. ಎರಡು ಸಲವೂ ಸೀಟ್ ಬೆಲ್ಟ್ ದೀಪ ಉರಿಯುತ್ತಿದ್ದುದರಿಂದ ಅವರನ್ನು ಅರ್ಧ ದಾರಿಯಲ್ಲೇ ಹಿಂದಕ್ಕೆ ಕಳುಹಿಸಲಾಯಿತು. ಅವರ ಮಗ ತಿಂಗಳುಗಳ ಹಿಂದೆಯೇ ಅರ್ಜಿಯಲ್ಲಿ ಸೀಟಿನ ಆದ್ಯತೆ ಗುರುತಿಸಿದ್ದರೆಂಬುದು ಆಮೇಲೆ ತಿಳಿಯಿತು. ತಂದೆತಾಯಿಯರ ಬಗ್ಗೆ ಆತನಿಗೆ ಕಾಳಜಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ವಿಚಾರಿಸಬೇಕಾದ ಬಾಗಿಲು ಯಾವುದೆಂಬುದು ಮಾತ್ರ ಆತನಿಗೆ ಗೊತ್ತಿರಲಿಲ್ಲ.

ಆ ಬಾಗಿಲು ವಿಮಾನ ಕಂಪನಿಯದು, ಅದರ ಕೀಲಿಕೈ ಪಿಎನ್‌ಆರ್. ಪಿಎನ್‌ಆರ್ ಎಂದರೆ ಒಂದು ಪ್ರಯಾಣಕ್ಕೆ ಸಂಬಂಧಿಸಿದ ಹೆಸರು, ವಿಮಾನ, ದಿನಾಂಕ, ಸೀಟು, ವಿಶೇಷ ಕೋರಿಕೆಗಳೆಲ್ಲ ಇರುವ ದಾಖಲೆ. ಅದನ್ನು ತೆರೆಯುವುದು ಆರು ಅಕ್ಷರ ಅಂಕಿಗಳ ಒಂದು ಗುರುತಿನಿಂದ. ಕ್ರೂಸ್ ಕಂಪನಿ ತಮಗೆ ಮೊದಲು ಕೊಡುವುದು ಹಡಗಿನ ಬುಕಿಂಗ್ ಸಂಖ್ಯೆ. ಅದು ವಿಮಾನ ಕಂಪನಿಯ ಜಾಲತಾಣದಲ್ಲಿ ನಡೆಯುವುದಿಲ್ಲ. ಸೇಬರ್, ಅಮಾಡಿಯಸ್‌ನಂಥ ಟಿಕೆಟ್ ವಿತರಣಾ ಜಾಲಗಳ ಮೂಲಕ ಕಾಯ್ದಿರಿಸಿದ್ದರೆ ಆ ಜಾಲದ ಗುರುತೇ ಬೇರೆ, ವಿಮಾನ ಕಂಪನಿಯ ಗುರುತೇ ಬೇರೆ ಇರಬಹುದು. ಒಂದು ಕಂಪನಿಯ ಹೆಸರಿನಲ್ಲಿ ಮಾರಿ ಇನ್ನೊಂದು ಕಂಪನಿ ಹಾರಿಸುವ ಕೋಡ್‌ಶೇರ್ ವಿಮಾನವಾದರೆ ಹಾರಿಸುವವರ ಬಳಿ ಮತ್ತೊಂದು ಗುರುತು ಇರುತ್ತದೆ, ಮತ್ತು ಸೀಟು ಇರುವುದು ಹಾರಿಸುವವರ ಕೈಯಲ್ಲಿ. ಆದ್ದರಿಂದ ಕ್ರೂಸ್ ಕಂಪನಿಗೆ ಫೋನ್ ಮಾಡಿದಾಗ ‘ಪಿಎನ್‌ಆರ್ ಕೊಡಿ’ ಎಂದಷ್ಟೇ ಕೇಳಿದರೆ ಸಾಲದು. ವಿಮಾನವನ್ನು ನಿಜವಾಗಿ ಹಾರಿಸುವ ಕಂಪನಿಯ ಗುರುತನ್ನೇ ಕೊಡಿ ಎಂದು ಬಿಡಿಸಿ ಕೇಳಬೇಕು.

ಇಲ್ಲಿ ಕರ್ನಾಟಕದ ಹಿರಿಯರಿಗೆ ವಿಶೇಷವಾಗಿ ಎದುರಾಗುವ ಒಂದು ಕಷ್ಟವಿದೆ. ಜಾಲತಾಣದಲ್ಲಿ ದಾಖಲೆ ತೆರೆಯಲು ಗುರುತಿನ ಜೊತೆಗೆ ಕುಲನಾಮವನ್ನೂ ತುಂಬಬೇಕು. ಅನೇಕ ಹಿರಿಯರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಸಾಲು ಖಾಲಿ ಇರುತ್ತದೆ. ಊರು, ತಂದೆ ಇವರ ಹೆಸರುಗಳ ಮೊದಲಕ್ಷರಗಳೂ ಸ್ವಂತ ಹೆಸರೂ ಒಂದೇ ಸಾಲಿನಲ್ಲಿ ಕೂಡಿಕೊಂಡಿರುತ್ತವೆ. ಇಂಥವರಿಗೆ ಅಮೆರಿಕದ ವೀಸಾ ಕೊಡುವಾಗ ಇಡೀ ಹೆಸರನ್ನು ಕುಲನಾಮದ ಜಾಗಕ್ಕೆ ಸರಿಸಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂಬ ಸಂಕ್ಷೇಪವನ್ನು ಬರೆಯುತ್ತಾರೆ. ಕ್ರೂಸಿನ ಅರ್ಜಿಯಲ್ಲಿ ಮಗ ಒಂದು ರೀತಿ ತುಂಬಿ, ಏಜೆಂಟರು ವಿಮಾನದ ದಾಖಲೆಯಲ್ಲಿ ಇನ್ನೊಂದು ರೀತಿ ತುಂಬಿದರೆ ಜಾಲತಾಣವು ಅಂಥ ದಾಖಲೆಯೇ ಇಲ್ಲವೆಂದು ಹೇಳಿಬಿಡುತ್ತದೆ, ಸೀಟು ಆರಿಸುವ ಪುಟದವರೆಗೆ ಹೋಗುವುದೇ ಸಾಧ್ಯವಾಗುವುದಿಲ್ಲ. ಗಂಡ ಹೆಂಡತಿಗೆ ಸಮಾನವಾದ ಕುಲನಾಮ ಇಲ್ಲದಿರುವುದೂ ಕರ್ನಾಟಕದಲ್ಲಿ ಸಾಮಾನ್ಯ ಸಂಗತಿ. ದಾಖಲೆಯನ್ನು ನೋಡುವ ಅಮೆರಿಕದ ಗುಮಾಸ್ತರಿಗೆ ಈ ಇಬ್ಬರು ದಂಪತಿ ಎಂದು ಹೊಳೆಯಲು ಯಾವ ಸುಳಿವೂ ಇರುವುದಿಲ್ಲ.

ಇದರ ಮೇಲೆ ಹಡಗಿನ ಕೋಣೆಗಳು ಕುಟುಂಬವನ್ನು ಮತ್ತೆ ಭಾಗ ಮಾಡುತ್ತವೆ. ಕ್ರೂಸ್ ಕಂಪನಿಯಲ್ಲಿ ಪ್ರತಿ ಕೋಣೆಗೆ ಒಂದು ಬುಕಿಂಗ್ ಇರುವುದು ಪದ್ಧತಿ. ತಂದೆತಾಯಿ ಒಂದು ಕೋಣೆ, ಮಗ ಸೊಸೆ ಮೊಮ್ಮಕ್ಕಳು ಮತ್ತೊಂದು ಕೋಣೆ ಎಂದಾದರೆ ವಿಮಾನದಲ್ಲಿಯೂ ಎರಡು ಪಿಎನ್‌ಆರ್‌ಗಳು ಹುಟ್ಟುವುದು ಸಹಜ, ಮತ್ತು ವಿಮಾನ ಕಂಪನಿಯ ಕಣ್ಣಿಗೆ ಅವರು ಪರಸ್ಪರ ಸಂಬಂಧವಿಲ್ಲದ ಎರಡು ಗುಂಪುಗಳು. ಒಂದು ವಿಮಾನ ರದ್ದಾಗಿ ಎಲ್ಲರನ್ನೂ ಬೇರೆ ವಿಮಾನಕ್ಕೆ ಹಾಕುವಾಗ ಮಗನಿಗೆ ಬೆಳಗಿನ ವಿಮಾನ, ಹಿರಿಯರಿಗೆ ಮಧ್ಯಾಹ್ನದ ವಿಮಾನ ಬೀಳಬಹುದು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರಲ್ಲಿ, 12 ವರ್ಷದವರೆಗಿನ ಮಕ್ಕಳಿಗೆ ಕನಿಷ್ಠ ಒಬ್ಬ ಪೋಷಕರ ಜೊತೆ ಸೀಟು ಕೊಡಬೇಕೆಂದು ವಿಮಾನ ಕಂಪನಿಗಳಿಗೆ ಸೂಚಿಸಿದಾಗಲೂ, ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕೆಂಬ ಮಾತು ಅದರಲ್ಲಿತ್ತು. ಮಕ್ಕಳಿಗಾಗಿ ಇಂಥದೊಂದು ಸೂಚನೆಯಾದರೂ ಇದೆ. ಎಪ್ಪತ್ತೈದು ದಾಟಿದ, ಭಾಷೆ ಬಾರದ ದಂಪತಿಯನ್ನು ವಯಸ್ಸಿನ ಕಾರಣಕ್ಕಾಗಿ ಒಟ್ಟಿಗೆ ಕೂರಿಸಬೇಕೆಂಬ ನಿಯಮ ಅಮೆರಿಕದಲ್ಲಿಲ್ಲ.

ಒಮ್ಮೆ ಆರಿಸಿದ ಸೀಟು ಕೊನೆಯವರೆಗೆ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ವೇಳಾಪಟ್ಟಿ ಬದಲಾದಾಗ, ಅಥವಾ ಒಂದು ಮಾದರಿಯ ವಿಮಾನದ ಬದಲು ಇನ್ನೊಂದನ್ನು ಹಾಕಿದಾಗ ಸೀಟುಗಳ ನಕ್ಷೆಯೇ ಬೇರೆಯಾಗಿ, ಹಿಂದಿನ ಆಯ್ಕೆ ಅಳಿಸಿಹೋಗಬಹುದು. ಅದನ್ನು ತಿಳಿಸಲು ವಿಮಾನ ಕಂಪನಿಯು ಪಿಎನ್‌ಆರ್‌ನಲ್ಲಿರುವ ಮಿಂಚಂಚೆ ವಿಳಾಸಕ್ಕೆ ಬರೆಯುತ್ತದೆ, ಆದರೆ ಆ ವಿಳಾಸ ಎಷ್ಟೋ ಸಲ ಕ್ರೂಸ್ ಕಂಪನಿಯದೋ ಏಜೆಂಟರದೋ ಆಗಿರುತ್ತದೆ. ತಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಳ್ಳೆಯ ಸೀಟುಗಳು ಬೇರೆಯವರ ಪಾಲಾಗಿರುತ್ತವೆ.

ಹೊರಡುವ 24 ಗಂಟೆ ಮೊದಲು ಆನ್‌ಲೈನ್ ಚೆಕ್‌ಇನ್ ತೆರೆದಾಗ ನೋಡಿಕೊಂಡರಾಯಿತು ಎಂಬ ಲೆಕ್ಕಾಚಾರ ತಮ್ಮಲ್ಲಿ ಕೆಲವರಿಗಿರಬಹುದು. ತಮಗೆ ಅದು ಒದಗೀತು; ಊರಿನಿಂದ ಬಂದ ಹಿರಿಯರಿಗೆ ಒದಗುವುದು ಕಷ್ಟ. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಎರಡು ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವುದನ್ನು ತಡೆಯುವ 1886ರ ಕಾನೂನೊಂದು ಇಂದಿಗೂ ಜಾರಿಯಲ್ಲಿರುವ ಕಾರಣ, ಅಲಾಸ್ಕದ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್‌ನಿಂದ ಹೊರಡುತ್ತವೆ ಅಥವಾ ಸಿಯಾಟಲ್‌ನಿಂದ ಹೊರಟು ವಿಕ್ಟೋರಿಯಾದಂಥ ಕೆನಡಾದ ಬಂದರನ್ನು ಮುಟ್ಟಿ ಬರುತ್ತವೆ. ವ್ಯಾಂಕೂವರ್‌ಗೆ ಹಾರುವ ಭಾರತೀಯ ಪಾಸ್‌ಪೋರ್ಟಿನವರ ಕೆನಡಾ ವೀಸಾವನ್ನು ವಿಮಾನ ಕಂಪನಿ ಪರಿಶೀಲಿಸಲೇಬೇಕಾದ್ದರಿಂದ, ಅವರ ಆನ್‌ಲೈನ್ ಚೆಕ್‌ಇನ್ ಅರ್ಧದಲ್ಲಿ ನಿಂತು ‘ಕೌಂಟರಿಗೆ ಬನ್ನಿ’ ಎಂಬ ಸೂಚನೆ ಬರುವುದು ಸಾಮಾನ್ಯ. ಮನೆಯಲ್ಲಿ ಕೂತು ಒಳ್ಳೆಯ ಸೀಟು ಹಿಡಿಯುವ ಕೊನೆಯ ಅವಕಾಶವೂ ಅಲ್ಲಿಗೆ ಕೈತಪ್ಪುತ್ತದೆ.

ಸೀಟು ಗೊತ್ತಾಗದಿರುವುದು ಬರಿಯ ಅನನುಕೂಲವಾಗಿ ಮುಗಿಯುವುದಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಇರುವ ಸೀಟುಗಳಿಗಿಂತ ಹೆಚ್ಚು ಟಿಕೆಟ್ ಮಾರಿದ ವಿಮಾನದಲ್ಲಿ ಜಾಗ ಸಾಲದಾದಾಗ, ಅಮೆರಿಕದ ನಿಯಮದಂತೆ ಮೊದಲು ತಾವಾಗಿ ಬಿಟ್ಟುಕೊಡುವವರನ್ನು ಕೇಳಬೇಕು. ಅವರು ಸಿಗದಿದ್ದರೆ ಯಾರನ್ನು ಹತ್ತಿಸಿಕೊಳ್ಳದಿರಬೇಕೆಂಬ ಆದ್ಯತೆಯ ಕ್ರಮವನ್ನು ಕಂಪನಿ ಗೊತ್ತುಪಡಿಸಿಕೊಂಡಿರಬೇಕು. ಆ ಕ್ರಮಕ್ಕೆ ಆಧಾರವಾಗಬಹುದೆಂದು ನಿಯಮವೇ ಹೆಸರಿಸುವ ಅಂಶಗಳಲ್ಲಿ, ಗೇಟಿಗೆ ಬರುವ ಮೊದಲೇ ಸೀಟು ಗೊತ್ತಾಗಿತ್ತೇ ಎಂಬುದೂ ಒಂದು. ಆರೋಗ್ಯದ ಮಾತನ್ನೂ ಮರೆಯಬಾರದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡುವುದರಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ಒಟ್ಟಾರೆ ಅಪಾಯ ಸಣ್ಣದೇ ಆದರೂ, ಅಪರಿಚಿತರಿಬ್ಬರ ನಡುವೆ ಸಿಕ್ಕಿಕೊಂಡು, ಎಬ್ಬಿಸಲು ಸಂಕೋಚಪಟ್ಟು, ನೀರು ಕುಡಿಯುವುದನ್ನೇ ಬಿಟ್ಟು ಶೌಚಕ್ಕೆ ಹೋಗದೆ ಐದು ಗಂಟೆ ತಡೆದುಕೊಂಡು ಕೂರುವ ಅಮ್ಮಂದಿರನ್ನು ಕಂಡವರಿಗೆ ದಾರಿಯ ಪಕ್ಕದ ಸೀಟಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಹಣ ಕಟ್ಟುವ ಮೊದಲೇ ಕ್ರೂಸ್ ಕಂಪನಿಯನ್ನು, ಈ ದರದಲ್ಲಿ ಮುಂಗಡವಾಗಿ ಸೀಟು ಆರಿಸಲು ಅವಕಾಶವಿದೆಯೇ, ಟಿಕೆಟ್ ಯಾವಾಗ ಹೊರಬೀಳುತ್ತದೆ, ವಿಮಾನವನ್ನು ಆರಿಸುವವರು ತಾವೋ ಅವರೋ ಎಂಬ ಮೂರನ್ನೂ ಕೇಳಿ. ವಿಮಾನವನ್ನು ಕಂಪನಿಯೇ ಗೊತ್ತುಮಾಡಿ ಕೆಲವೇ ವಾರ ಮುಂಚೆ ತಿಳಿಸುವ ಬಗೆಯ ಯೋಜನೆಯಾದರೆ ಹಿರಿಯರ ಮಟ್ಟಿಗೆ ಅದನ್ನು ಬಿಟ್ಟು, ಸ್ವಲ್ಪ ಹೆಚ್ಚು ಹಣ ಹೋದರೂ ವಿಮಾನವನ್ನು ತಾವೇ ಆರಿಸುವುದು ಒಳ್ಳೆಯದು. ಕುಟುಂಬಕ್ಕೆ ಎರಡು ಕೋಣೆಗಳಿದ್ದರೆ ಎರಡೂ ಪಿಎನ್‌ಆರ್‌ಗಳಲ್ಲಿ ಪರಸ್ಪರ ಉಲ್ಲೇಖ ಸೇರಿಸಿ, ಇವರು ಒಟ್ಟಿಗೆ ಪ್ರಯಾಣ ಮಾಡುವವರೆಂದು ಬರೆಸಿ. ಹಾರಿಸುವ ಕಂಪನಿಯ ಗುರುತು ಕೈಗೆ ಬಂದ ದಿನವೇ ದಾಖಲೆಯನ್ನು ತೆರೆದು, ಹೆಸರು ಪಾಸ್‌ಪೋರ್ಟಿಗೂ ವೀಸಾಕ್ಕೂ ಹೊಂದುತ್ತದೆಯೇ ನೋಡಿ, ತಮ್ಮ ಫೋನ್ ಸಂಖ್ಯೆ ಮತ್ತು ಮಿಂಚಂಚೆಯನ್ನು ಅದರಲ್ಲಿ ಸೇರಿಸಿ. ಸೀಟಿಗೆ ಪ್ರತ್ಯೇಕ ಶುಲ್ಕ ಕೇಳಿದರೆ, ಇಡೀ ಪ್ರವಾಸಕ್ಕೆ ತೆತ್ತ ಹಣದ ಮುಂದೆ ಅದನ್ನು ಉಳಿಸುವ ಯೋಚನೆ ಬೇಡ. ರಸೀದಿ ಮಾತ್ರ ಜೋಪಾನವಾಗಿರಲಿ, ಏಕೆಂದರೆ ಹಣ ಕೊಟ್ಟು ಪಡೆದ ಸೀಟು ಕೊನೆಗೆ ಸಿಗದೆಹೋದರೆ ಆ ಶುಲ್ಕವನ್ನು ಹಿಂದಿರುಗಿಸಬೇಕೆಂದು ಅಮೆರಿಕದ ಸಾರಿಗೆ ಇಲಾಖೆಯ 2024ರ ನಿಯಮ ಹೇಳುತ್ತದೆ.

ಗಾಲಿಕುರ್ಚಿ ಕೇಳಿದ್ದರಿಂದಲೇ ಸೀಟು ಸಿಕ್ಕೀತೆಂದು ತಿಳಿಯಬೇಡಿ. ಗಾಲಿಕುರ್ಚಿಯ ನೆರವು ವಿಮಾನ ಹತ್ತಿ ಇಳಿಯುವುದಕ್ಕೆ, ಸೀಟಿನ ಆಯ್ಕೆ ಅದರಲ್ಲಿ ಸೇರಿಲ್ಲ. ಆದರೆ ಅಮೆರಿಕದ 1986ರ ಏರ್ ಕ್ಯಾರಿಯರ್ ಆಕ್ಸೆಸ್ ಕಾಯ್ದೆಯ ಅಡಿಯಲ್ಲಿ ಬಂದ ನಿಯಮಗಳು, ಅಂಗವೈಕಲ್ಯದ ಕಾರಣ ಹಾರಾಟದ ನಡುವೆ ಜೊತೆಗಾರರ ಆರೈಕೆ ಬೇಕಾದವರಿಗೆ, ದೃಷ್ಟಿ ಕುಂದಿದ್ದು ಓದಿ ಹೇಳುವವರು ಬೇಕಾದವರಿಗೆ, ಆ ಜೊತೆಗಾರರ ಪಕ್ಕದ ಸೀಟನ್ನೇ ಕೊಡಬೇಕೆಂದು ವಿಧಿಸುತ್ತವೆ. ಕಾಲು ಮಡಚಲಾಗದವರಿಗೆ ಹೆಚ್ಚು ಜಾಗವಿರುವ ಸೀಟಿನ ಹಕ್ಕಿದೆ. ತಂದೆಯ ಕಣ್ಣಿನ ಸ್ಥಿತಿಯಾಗಲಿ ತಾಯಿಯ ಮಂಡಿಯ ಸ್ಥಿತಿಯಾಗಲಿ ಇದಕ್ಕೆ ಒಳಪಡುವಂತಿದ್ದರೆ, ವಿಮಾನ ಕಂಪನಿಯ ವಿಶೇಷ ನೆರವಿನ ವಿಭಾಗಕ್ಕೆ ಮೊದಲೇ ಫೋನ್ ಮಾಡಿ ಹಾಗೆಂದು ಹೇಳಿ. ಕೇಳದವರಿಗೆ ಇದನ್ನು ಯಾರೂ ತಾವಾಗಿ ಕೊಡುವುದಿಲ್ಲ. ಗೇಟಿನಲ್ಲಿದ್ದ ಆ ದಂಪತಿಗೆ ಈ ನಿಯಮ ಅನ್ವಯಿಸುತ್ತಿತ್ತು, ಕೇಳುವವರು ಮಾತ್ರ ಅವರ ಜೊತೆಗಿರಲಿಲ್ಲ.

ಸೀಟು ಗೊತ್ತಾದ ಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಯ ವಾರದಲ್ಲಿ ದಿನವೂ ದಾಖಲೆ ತೆರೆದು ಅದು ಹಾಗೆಯೇ ಇದೆಯೇ ಎಂದು ನೋಡಿ. ಹಿಂದಿರುಗುವ ವಿಮಾನವನ್ನೂ ಮರೆಯದೆ ನೋಡಿ. ಹೋಗುವ ಸೀಟಿನ ಬಗ್ಗೆ ತಲೆ ಕೆಡಿಸಿಕೊಂಡವರು ಬರುವ ಸೀಟನ್ನು ಬಿಟ್ಟಿರುವುದು ಕಡಿಮೆಯೇನಲ್ಲ. ಹಿರಿಯರು ಇಬ್ಬರೇ ಹೊರಡುವುದಾದರೆ, ವಿಮಾನದ ಹೆಸರು, ಹೊರಡುವ ವೇಳೆ, ಸಾಲು ಮತ್ತು ಸೀಟು, ಮಕ್ಕಳ ಫೋನ್ ಸಂಖ್ಯೆ ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ಸಿಬ್ಬಂದಿಗೆ ತೋರಿಸಲು ‘ಇವರಿಬ್ಬರೂ ಒಟ್ಟಿಗೆ ಕೂರಬೇಕಾದವರು’ ಎಂದು ಇಂಗ್ಲಿಷಿನಲ್ಲಿ ಬರೆದು, ಆ ಹಾಳೆಯನ್ನು ಪಾಸ್‌ಪೋರ್ಟಿನ ಜೊತೆಗೆ ತಾಯಿಯ ಕೈಚೀಲದಲ್ಲಿಡಿ. ಕಣ್ಣಿನ ಹನಿ, ಸಕ್ಕರೆ ಕಾಯಿಲೆಯ ಮಾತ್ರೆಗಳಂಥವು ಇಬ್ಬರ ಚೀಲದಲ್ಲಿಯೂ ಒಂದೊಂದು ಇರಲಿ.



ಇಂತಿ,
ತಮ್ಮ ಹಾಗೂ ತಮ್ಮ ಹಿರಿಯರ ಹಿತೈಷಿ